ಮೊದಲು ಮುಟ್ಟಿದ ಕೈ

ನನ್ನ ಗೆಳತಿ ಸಾಯಬೇಕಾಗಿತ್ತು, ಬದುಕಿದಳು. ಹೀಗೆ ಹೇಳಿದರೆ ಅವಳ ತಾಯಿ ಒಪ್ಪುವುದಿಲ್ಲ. "ಸಾಯಬೇಕಾಗಿತ್ತು ಅಂತ ನಿಂಗೆ ಯಾರು ಹೇಳಿದ್ರು? ನೀನು ಬರಹ ಓದ್ಕಂಡು ಬಂದಿದ್ಯಾ?" ಎನ್ನುತ್ತಾರೆ. ಹಣೆಬರಹವನ್ನು ನಂಬುವವರು ನನ್ನಂಥವಳನ್ನು ಸಾಕ್ಷಿ ಕೇಳುವುದು ವಿಚಿತ್ರ. ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಆದ್ದರಿಂದ ಗೊತ್ತಿರುವಷ್ಟನ್ನೇ ಹೇಳುತ್ತೇನೆ. ಭತ್ತದ ಸುಗ್ಗಿ ಮುಗಿದ ಮೇಲಿನ ಒಂದು ಶನಿವಾರ ಬೆಳಿಗ್ಗೆ ಅವಳು ಶಿಕಾರಿಪುರದಿಂದ ಸೊರಬಕ್ಕೆ ಸ್ಕೂಟಿಯಲ್ಲಿ ಹೊರಟಳು. ಬಳ್ಳಿಗಾವಿಗೆ ದಾರಿ ಒಡೆಯುವ ಜಾಗ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಿದ್ದಳು. ಹೆಲ್ಮೆಟ್ ಇತ್ತು. ಎಡಗಾಲಿನ ಎರಡೂ ಮೂಳೆ ಮೊಣಕಾಲಿನ ಕೆಳಗೆ ಮುರಿದಿದ್ದವು, ಮೈಮೇಲೆ ಎಚ್ಚರ ಇರಲಿಲ್ಲ. ಇಷ್ಟು ಖಚಿತ. ಉಳಿದದ್ದೆಲ್ಲ ವಾದ.

ವಾದ ನಮ್ಮಿಬ್ಬರ ಹಳೆಯ ಕಸುಬು. ಶಿಕಾರಿಪುರದಲ್ಲಿ ಓದುವಾಗ ಚರ್ಚಾ ಸ್ಪರ್ಧೆಗಳಿಗೆ ಜೋಡಿಯಾಗಿ ಹೋಗುತ್ತಿದ್ದೆವು. ಅವಳು ಪರ, ನಾನು ವಿರೋಧ. ವಿಷಯದ ಚೀಟಿ ಬಿಚ್ಚುವ ಮುಂಚೆಯೇ ನಾನು ಅದನ್ನು ವಿರೋಧಿಸಿ ಆಗಿರುತ್ತಿತ್ತು. ಈಗ ಅವಳು ಕಚೇರಿಯ ಕಿಟಕಿಯೊಂದರ ಹಿಂದೆ ಕೂತು ರೈತರಿಗೆ ಪಹಣಿ ತೆಗೆದುಕೊಡುತ್ತಾಳೆ. ನಾನು ಸೊರಬದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಆ ಶನಿವಾರ ನನ್ನ ವಿದ್ಯಾರ್ಥಿಗಳಿಗೆ ಚರ್ಚೆಯ ತಾಲೀಮು ಇತ್ತು. ಹತ್ತೂವರೆಗೆ ಬಂದು ಅವರಿಗೆ ಎದುರಾಳಿಯಾಗಿ ಮಾತಾಡು ಎಂದು ಅವಳನ್ನು ಕರೆದವಳು ನಾನು.

ಹನ್ನೊಂದೂವರೆಗೆ ಅವಳ ಫೋನಿನಿಂದ ಕರೆ ಬಂತು. ಮಾತಾಡಿದ್ದು ಶಿಕಾರಿಪುರದ ಆಸ್ಪತ್ರೆಯ ನರ್ಸು. ನಾನು ಶಿಕಾರಿಪುರ ಮುಟ್ಟುವಷ್ಟರಲ್ಲಿ ಅವಳನ್ನು ಶಿವಮೊಗ್ಗಕ್ಕೆ ಸಾಗಿಸಿದ್ದರು. ಅಲ್ಲಿಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಅವಳ ಕಾಲಿನ ಮೇಲೆ ಬಗ್ಗಿ ನಿಂತಿದ್ದರು. ಕಾಲಿಗೆ ಸೀಳಿದ ಬಿದಿರಿನ ನಾಲ್ಕು ದಬ್ಬೆ ಇಟ್ಟು ಯಾರೋ ಹುರಿಯಿಂದ ಸುತ್ತಿದ್ದರು.

"ಇದನ್ನ ಕಟ್ಟಿದ್ದು ಯಾರು? ನೀವಾ?"

"ಅಲ್ಲ ಸರ್."

"ಯಾರೇ ಆಗ್ಲಿ, ಕೆಲಸ ಗೊತ್ತಿದ್ದವರು. ಮುರಿದ ಜಾಗಕ್ಕೆ ಮಾತ್ರ ಕಟ್ಟಿಲ್ಲ. ಮೇಲೆ ಮೊಣಕಾಲು, ಕೆಳಗೆ ಕಣಕಾಲು, ಎರಡನ್ನೂ ಹಿಡಿದು ಕಟ್ಟಿದ್ದಾರೆ. ಮೂಳೆ ಚೂಪು ರಕ್ತನಾಳದ ಪಕ್ಕದಲ್ಲೇ ನಿಂತಿದೆ. ದಾರೀಲಿ ಕಾಲು ಅಲ್ಲಾಡಿದ್ದಿದ್ರೆ ಇವರು ಇಲ್ಲಿ ತನಕ ಬರ್ತಿರಲಿಲ್ಲ."

ಇದನ್ನು ಅವಳ ತಾಯಿ ಕೇಳಿಸಿಕೊಂಡರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಯಾರನ್ನೂ ನೋಡದೆ ಹೇಳಿದರು: "ನನ್ನ ಮಗಳನ್ನ ಮೊದಲು ಮುಟ್ಟಿದ ಕೈಗೆ ನಾನು ಅನ್ನ ಬಡಿಸಬೇಕು. ಅಲ್ಲಿ ತನಕ ನಾನು ಅನ್ನ ಉಣ್ಣಲ್ಲ."

ನಮ್ಮ ಕಡೆ ಹರಕೆ ಹೊತ್ತು ಟೀ ಬಿಟ್ಟವರಿದ್ದಾರೆ, ಚಪ್ಪಲಿ ಬಿಟ್ಟವರಿದ್ದಾರೆ. ಆದರೆ ಅವೆಲ್ಲ ದೇವರಿಗೆ. ದೇವರಾದರೆ ಇದ್ದಲ್ಲೇ ಇರುತ್ತಾನೆ, ಹುಡುಕುವ ಕಷ್ಟವಿಲ್ಲ. ಹೆಸರು ಗೊತ್ತಿಲ್ಲದ ಮನುಷ್ಯನ ಮೇಲೆ ಯಾರಾದರೂ ಹರಕೆ ಹೊರುತ್ತಾರೆಯೇ?

"ಅವರು ಸಿಗದಿದ್ರೆ ಅಮ್ಮಾ?" ಎಂದೆ.

"ಸಿಗ್ತಾರೆ."

"ಸಿಗದಿದ್ರೆ ಅಂತ ಕೇಳ್ತಿದೀನಿ."

"ರೊಟ್ಟಿ ಐತಲ್ಲ," ಎಂದು ಎದ್ದು ಹೋದರು.

ಮೂರನೆಯ ದಿನ ಗೆಳತಿ ಸರಿಯಾಗಿ ಕಣ್ಣು ಬಿಟ್ಟಳು. ಪೆಟ್ರೋಲ್ ಹಾಕಿಸಿದ್ದು ಬಿಟ್ಟರೆ ಮುಂದಿನದು ಅವಳಿಗೆ ಏನೂ ನೆನಪಿರಲಿಲ್ಲ. ವಾರ ಕಳೆಯುವುದರೊಳಗೆ ಅವಳನ್ನು ಎತ್ತಿದವರು ಆರು ಜನ ಆಗಿದ್ದರು. ಆಸ್ಪತ್ರೆಗೆ ಬಂದವರು, ಮನೆಗೆ ಬಂದವರು, ಅಂಗಡಿಯಲ್ಲಿ ಸಿಕ್ಕವರು, "ನಾವೇ ಅಲ್ವಾ ಎತ್ತಿದ್ದು" ಎನ್ನುತ್ತಿದ್ದರು. ಗೆಳತಿ ಮಲಗಿದಲ್ಲೇ ನಕ್ಕಳು. "ನನ್ನ ಪಹಣಿಯ ಸಾಗುವಳಿದಾರರ ಕಾಲಂ ತುಂಬಿಹೋಗಿದೆ. ತಕರಾರು ಅರ್ಜಿ ನೀನೇ ಹಾಕು."

ಹಾಕಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಬ್ಬೊಬ್ಬರನ್ನೇ ವಿಚಾರಿಸಿದೆ. ಯಾವ ಕಾಲು ಮುರಿದಿತ್ತು, ಸ್ಕೂಟಿ ಯಾವ ಬಣ್ಣ, ತಲೆ ಯಾವ ದಿಕ್ಕಿಗಿತ್ತು. ಇಬ್ಬರು ಬಲಗಾಲು ಎಂದರು. ಒಬ್ಬ ಹಿರಿಯರು, "ರಕ್ತ ಹರೀತಿರೋವಾಗ ಎಡ ಬಲ ನೋಡ್ತಾರೇನವ್ವಾ?" ಎಂದು ನನ್ನನ್ನೇ ಕೇಳಿದರು. ಒಳ್ಳೆಯ ಉತ್ತರ, ಅಂಕ ಕೊಟ್ಟೆ. ಅವರು ಯಾರೂ ಸುಳ್ಳು ಹೇಳಲೆಂದೇ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಆ ದಾರಿಯಲ್ಲಿ ಹೋಗಿದ್ದರು, ಜನ ಸೇರಿದ್ದನ್ನು ಕಂಡಿದ್ದರು, ಅಯ್ಯೋ ಎಂದಿದ್ದರು. ನಾಲ್ಕು ಸಲ ಕತೆ ಹೇಳುವಷ್ಟರಲ್ಲಿ ನೋಡಿದ ಕಣ್ಣಿಗೆ ಕೈ ಮೂಡಿತ್ತು. ಕೆಟ್ಟದ್ದಕ್ಕೆ ಪಾಲುದಾರರು ಸಿಗುವುದಿಲ್ಲ, ಒಳ್ಳೆಯದಕ್ಕೆ ಸಾಲು ನಿಲ್ಲುತ್ತಾರೆ ಎನ್ನುವುದೇ ನನಗೆ ಕುತೂಹಲದ ಸಂಗತಿಯಾಯಿತು.

ನಿಜವಾಗಿ ಸಿಕ್ಕವರು ಒಬ್ಬರೇ, ಅವಳನ್ನು ಶಿಕಾರಿಪುರಕ್ಕೆ ತಂದ ಗೂಡ್ಸ್ ಆಟೋದ ಡ್ರೈವರ್. ಅವರು ಮಾತ್ರ ನಾನು ಎತ್ತಲಿಲ್ಲ ಎಂದರು.

"ನಾನು ಬರೋ ಹೊತ್ತಿಗೆ ಕಟ್ಟು ಕಟ್ಟಿ ಆಗಿತ್ತು ಮೇಡಂ. ಒಬ್ರು ಮುದುಕ್ರು ಕೈ ಅಡ್ಡ ಹಾಕಿ ಗಾಡಿ ನಿಲ್ಸಿದ್ರು. ಒಬ್ಬಾಕಿ ಕಾಲು ಹಿಡ್ಕಂಡು ಕೂತಿದ್ಲು, ಗದ್ದೆ ಕೆಲಸದಾಕಿ ಇರ್ಬೇಕು. ಎಲ್ಲ ಸೇರಿ ಹಲಗೆ ಮೇಲೆ ಮಲಗಿಸಿ ಹತ್ತಿಸಿದ್ವಿ. ನಿಧಾನ ಹೋಗು ಅಂದ್ರು, ಹೋದೆ."

"ಆ ಮುದುಕರಿಗೆ ವಯಸ್ಸೆಷ್ಟು? ಓದಿದವರ ಹಾಗೆ ಕಾಣ್ತಿದ್ರಾ?" ಎಂದು ಕೇಳಿದೆ.

ನನ್ನ ಸಿದ್ಧಾಂತ ಆಗಲೇ ತಯಾರಾಗಿತ್ತು. ಕೀಲಿನಿಂದ ಕೀಲಿಗೆ ಕಟ್ಟುವುದು ತರಬೇತಿ ಪಡೆದವರ ಕೆಲಸ. ಆದ್ದರಿಂದ ಅವರು ನಿವೃತ್ತ ಸೈನಿಕರೋ ಕಾಂಪೌಂಡರೋ ಆಗಿರಬೇಕು. ಸೊರಬ, ಶಿಕಾರಿಪುರ ಎರಡೂ ಕಡೆ ಅಂಥವರನ್ನು ಹುಡುಕಿದೆ. ಇಬ್ಬರು ಮಾಜಿ ಸೈನಿಕರು ಚಹಾ ಕೊಟ್ಟು ಕಳಿಸಿದರು. ಒಬ್ಬ ಕಾಂಪೌಂಡರು ಆ ದಿನ ತಾವು ಊರಲ್ಲೇ ಇರಲಿಲ್ಲ ಎಂದು ಆಣೆ ಮಾಡಿದರು.

ಹೀಗೆ ಒಂದು ತಿಂಗಳಾಯಿತು. ಗೆಳತಿ ಮನೆಗೆ ಬಂದು, ಕಾಲಿನೊಳಗೆ ರಾಡು ಹೊತ್ತು, ವಾಕರ್ ಹಿಡಿದು ಅಡುಗೆಮನೆವರೆಗೆ ನಡೆಯುವಂತಾದಳು. ತಾಯಿ ಮಾತ್ರ ಅನ್ನ ಮುಟ್ಟಿರಲಿಲ್ಲ. ರೊಟ್ಟಿಯ ಮೇಲೆ ಬದುಕುವುದು ದೊಡ್ಡ ಉಪವಾಸವಲ್ಲ ಎಂದು ನಾನು ವಾದಿಸಬಲ್ಲೆ, ವಾದಿಸಿಯೂ ಇದ್ದೆ. ಆದರೆ ಅವರು ಭತ್ತ ಬೆಳೆಯುವ ಮನೆಯಲ್ಲಿ ಹುಟ್ಟಿದವರು, ಭತ್ತ ಬೆಳೆಯುವ ಮನೆಗೆ ಬಂದವರು. ತಂಗಿಯ ಮನೆಯ ನಾಮಕರಣಕ್ಕೆ ಹೋಗಿ ಎಲೆಯ ಮುಂದೆ ಬರೀ ಪಲ್ಯ ಕೋಸಂಬರಿ ತಿಂದು ಎದ್ದರಂತೆ. ಆ ತಂಗಿ ಮೂರು ದಿನ ಮಾತು ಬಿಟ್ಟಿದ್ದರು.

"ಅಮ್ಮ ಎದುರಿಗೆ ಕೂತು ರೊಟ್ಟಿ ಮುರೀತಾಳೆ," ಎಂದಳು ಗೆಳತಿ. "ನನ್ನ ತಟ್ಟೆಗೆ ಅನ್ನ ಹಾಕಿ, ಇನ್ನೂ ಹಾಕ್ಕೋ ಹಾಕ್ಕೋ ಅಂತಾಳೆ. ನಂಗೆ ಒಳಗೆ ಇಳಿಯಲ್ಲ ಕಣೇ. ನೀನು ವಾದ ಬಿಟ್ಟು ಅವರನ್ನ ಹುಡುಕು."

"ಹುಡುಕ್ತಾನೇ ಇದೀನಲ್ಲ. ನಿಮ್ಮಮ್ಮನ ಹರಕೆಗೆ ತರ್ಕ ಇದ್ದಿದ್ರೆ ಸುಲಭ ಆಗ್ತಿತ್ತು."

ತಾಯಿ ಒಳಗಿಂದಲೇ ಹೇಳಿದರು. "ನೋಡದೇ ಮಾತಾಡೋದಕ್ಕೆ ತರ್ಕ ಅಂತಾರೇನೇ? ಆ ಕಟ್ಟು ನಮ್ಮ ದೇವರ ಗೂಡಿನಾಗೆ ಐತೆ. ಒಂದಿನ ಆದ್ರೂ ಕೈಯಾಗೆ ಹಿಡಿದು ನೋಡಿದ್ಯಾ?"

ನೋಡಿರಲಿಲ್ಲ. ಆಸ್ಪತ್ರೆಯವರು ರಕ್ತದ ಬಟ್ಟೆಯ ಜೊತೆ ಚೀಲಕ್ಕೆ ಹಾಕಿಕೊಟ್ಟ ಆ ದಬ್ಬೆ, ಆ ಹುರಿ, ಎರಡನ್ನೂ ಅವರು ದೇವರ ಮುಂದಿಟ್ಟು ಅರಿಸಿನ ಕುಂಕುಮ ಏರಿಸಿದ್ದರು. ಕುಂಕುಮ ಬಿದ್ದ ದಿನವೇ ನನ್ನ ಪಾಲಿಗೆ ಅದು ಸಾಕ್ಷ್ಯವಾಗಿ ಉಳಿಯಲಿಲ್ಲ, ಮೂಢನಂಬಿಕೆಯ ಉದಾಹರಣೆಯಾಯಿತು. ಅವರು ಪೂಜಿಸಿದ್ದರಿಂದ ನೋಡಲಿಲ್ಲ, ನಾನು ಅವರು ಪೂಜಿಸಿದ್ದಕ್ಕೇ ನೋಡಲಿಲ್ಲ. ಗೂಡಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕುಂಕುಮ ಒರೆಸಿದಾಗ ಹುರಿಯ ಬಣ್ಣ ಕಂಡಿತು. ಅಂಗಡಿಯ ಸೆಣಬಿನ ದಾರ ಅಲ್ಲ, ಕೈಯಲ್ಲಿ ಹೊಸೆದದ್ದು. ಕಪ್ಪು ಎಳೆ ಒಂದು, ಬಿಳಿ ಎಳೆ ಒಂದು. ಗೆಳತಿ ವಾಕರ್ ಬದಿಗಿಟ್ಟು ಮೂಸಿ ನೋಡಿದಳು. ಇಷ್ಟು ದಿನದ ಕರ್ಪೂರದ ಹೊಗೆಯ ಕೆಳಗೂ ವಾಸನೆ ಉಳಿದಿತ್ತು.

"ಕುರಿ ಉಣ್ಣೆ," ಎಂದಳು.

ಮರುದಿನ ನಾನು ಆ ತಿರುವಿನಲ್ಲಿ ಬಸ್ ಇಳಿದೆ. ಒಂದು ತಿಂಗಳಿನಿಂದ ವಾರಕ್ಕೆ ಎರಡು ಸಲ ಆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು, ಇಳಿದದ್ದು ಅದೇ ಮೊದಲು. ರಸ್ತೆಯ ಪಕ್ಕದ ಕೊಯ್ದ ಗದ್ದೆಯಲ್ಲಿ ಭತ್ತದ ಕೂಳೆಯ ನಡುವೆ ಒಣಗಿದ ಕುರಿ ಹಿಕ್ಕೆ ಹರಡಿತ್ತು. ಮಂದೆಯ ಸುತ್ತ ಬಲೆ ಕಟ್ಟಲು ಗೂಟ ಹೊಡೆದ ತೂತುಗಳು ಚೌಕವಾಗಿ ಸಾಲಾಗಿದ್ದವು. ನಮ್ಮ ಕಡೆ ಕೊಯ್ಲಾದ ಮೇಲೆ ಗೊಬ್ಬರಕ್ಕೆಂದು ಕುರಿಯವರನ್ನು ಕರೆದು ಗದ್ದೆಯಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ, ರಾತ್ರಿಯೆಲ್ಲ ಕುರಿ ಅಲ್ಲೇ ಮಲಗುತ್ತವೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ನಾನು ನಿವೃತ್ತ ಸೈನಿಕರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

ಗದ್ದೆಯ ಯಜಮಾನರು ಬದುವಿನ ಮೇಲೆ ಸಿಕ್ಕರು.

"ಕುರಿ ನಿಲ್ಸಿದ್ವಿ, ಹೌದು. ಯಾಕ್ರೀ? ಪೊಲೀಸ್ನೋರಾ ನೀವು?"

"ಅಲ್ಲ, ಲೆಕ್ಚರರ್."

"ಎರಡೂ ಪ್ರಶ್ನೆ ಕೇಳೋರೇ ಬಿಡ್ರಿ."

ಕೇಸಿನ ಮಾತಲ್ಲ, ಊಟಕ್ಕೆ ಕರೆಯಲು ಬಂದಿದ್ದೇನೆ ಎಂದು ಮೂರು ಸಲ ಹೇಳಬೇಕಾಯಿತು. ನಾಲ್ಕನೆಯ ಸಲಕ್ಕೆ ನಂಬಿದರು. "ಬಂದಳಿಕೆ ಕಡೆಯೋರು. ಇನ್ನೂ ಎರಡು ದಿನ ನಿಲ್ಸೋ ಮಾತಾಗಿತ್ತು. ಆ ಹುಡುಗಿ ಬಿದ್ದ ದಿನ ಮಧ್ಯಾಹ್ನನೇ ಗಂಟುಮೂಟೆ ಕಟ್ಕಂಡು ಹೋದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ."

ಬಂದಳಿಕೆಯ ಹಳೆಯ ಗುಡಿಗಳನ್ನು ದಾಟಿ, ಇಬ್ಬರನ್ನು ವಿಚಾರಿಸಿ, ಒಂದು ಹಂಚಿನ ಮನೆಯ ಅಂಗಳ ತಲುಪಿದೆ. ನಲವತ್ತರ ಆಸುಪಾಸಿನ ಹೆಂಗಸು ಮರಿಗಳಿಗೆ ಸೊಪ್ಪು ಹಾಕುತ್ತಿದ್ದರು. ಒಂದು ಮರಿ ಉಳಿದವುಗಳ ಹಿಂದೆ ಕುಂಟುತ್ತಿತ್ತು. ಅದರ ಹಿಂಗಾಲಿಗೆ ಬಿದಿರಿನ ಸಣ್ಣ ದಬ್ಬೆ ಕಟ್ಟಿತ್ತು, ಮೇಲಿನ ಕೀಲಿನಿಂದ ಕೆಳಗಿನ ಕೀಲಿನವರೆಗೆ. ಹುರಿ ಕಪ್ಪು ಎಳೆ ಒಂದು, ಬಿಳಿ ಎಳೆ ಒಂದು.

"ಇದನ್ನ ಕಟ್ಟಿದ್ದು ನಿಮ್ಮ ಯಜಮಾನ್ರಾ?" ಎಂದೆ.

"ಅವರಿಗೆ ಕಾಯಾಕೆ ಬರ್ತದೆ, ಕಟ್ಟಾಕೆ ಬರಲ್ಲ. ನಾನೇ ಕಟ್ಟಿದ್ದು. ಯಾಕ್ರೀ ಅಕ್ಕಾರೆ?"

ಡ್ರೈವರ್ ಹೇಳಿದ್ದು ಆಗ ನೆನಪಾಯಿತು. ಕಾಲು ಹಿಡಿದುಕೊಂಡು ಒಬ್ಬಾಕೆ ಕೂತಿದ್ದಳು ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಆಮೇಲೆ ನೋಟ್‌ಬುಕ್ ತೆಗೆದು ನೋಡಿದೆ. ಅದರಲ್ಲಿ ಮುದುಕರ ವಿಚಾರಕ್ಕೆ ಅರ್ಧ ಪುಟ ಇದೆ. ಆಕೆಯ ಬಗ್ಗೆ ಒಂದು ಅಕ್ಷರ ಇಲ್ಲ. ಹೆಣ್ಣಿನ ಮಾತಿಗೆ ಸಭೆಯಲ್ಲಿ ಬೆಲೆಯಿಲ್ಲ ಎಂದು ವಾದಿಸಿ ಮೂರು ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು ನಾನು.

ಸ್ಕೂಟಿ, ತಿರುವು, ಶನಿವಾರ ಎಂದೆ. ಅವರು ಸೊಪ್ಪನ್ನು ಕೆಳಗಿಟ್ಟರು. ಅಂಗಳದ ಕಲ್ಲಿನ ಮೇಲೆ ಕೂತರು.

"ಬದುಕ್ಯಾರಾ?"

"ಬದುಕಿದಾಳೆ. ನಡೀತಾಳೆ."

ಕುಂಟುವ ಮರಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಕಿವಿ ಸವರಿದರು. ಒಂದು ತಿಂಗಳಿಂದ ಯಾರನ್ನಾದರೂ ಕೇಳಬೇಕು ಅಂದುಕೊಂಡಿದ್ದರಂತೆ, ಕೇಳಲು ಧೈರ್ಯ ಸಾಲಲಿಲ್ಲವಂತೆ. ನಾನು ಹರಕೆಯ ವಿಷಯ ಹೇಳಿದೆ. ಒಬ್ಬರು ನಿಮಗೋಸ್ಕರ ಅನ್ನ ಬಿಟ್ಟು ಕೂತಿದ್ದಾರೆ, ಬಂದು ಉಣ್ಣಬೇಕು ಎಂದೆ.

"ಯಾವ ಬಾಯಾಗೆ ಉಣ್ಣಲಿ ಅಕ್ಕಾರೆ? ಅವರು ಬಿದ್ದಿದ್ದೇ ಈ ಮರಿಗೆ."

ಬೆಳಿಗ್ಗೆ ಮೇಯಲು ಹೊಡೆದುಕೊಂಡು ಹೋಗುವಾಗ ಮಂದೆ ರಸ್ತೆ ದಾಟುತ್ತಿತ್ತು. ಎಲ್ಲ ದಾಟಿದವು ಎಂದುಕೊಂಡಾಗ ಹಿಂದೆ ಉಳಿದಿದ್ದ ಈ ಮರಿ ತಾಯಿಯನ್ನು ಕಂಡು ಓಡಿತು. ಸ್ಕೂಟಿ ಅದಕ್ಕೆ ತಗುಲಿ ಪಲ್ಟಿಯಾಯಿತು. ಗಂಡ ಹೆದರಿ ಮಂದೆಯನ್ನು ಗದ್ದೆಯ ಆಚೆಗೆ ಹೊಡೆದುಕೊಂಡು ಹೋದರು. ಆಕೆ ಮತ್ತು ಮಾವ ಉಳಿದರು. ಬೇಲಿಯ ಬಿದಿರು ಸೀಳಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹುರಿ ತೆಗೆದು ಆಕೆ ಕಟ್ಟಿದರು.

"ಅವರು ಬ್ರೇಕ್ ಹಿಡೀಲಿಲ್ವಾ?" ಎಂದು ಕೇಳಿದೆ. ಅಡ್ಡ ಪ್ರಶ್ನೆ ಕೇಳುವುದು ಅಭ್ಯಾಸ.

"ಒಂದು ಕೈ ಚೀಲದಾಗಿತ್ತು. ಫೋನು ಒಂದೇ ಸಮ ಹೊಡ್ಕಂತಿತ್ತು ನೋಡ್ರಿ. ಬಿದ್ದ ಮೇಲೂ ಹೊಡ್ಕಂತಿತ್ತು. ನಂಗೆ ಅದನ್ನ ಎತ್ತಾಕೆ ಬರ್ಲಿಲ್ಲ."

ನಾನು ನನ್ನ ಫೋನು ತೆಗೆದು ನೋಡಬೇಕಾದ ಅಗತ್ಯವಿರಲಿಲ್ಲ, ಆದರೂ ನೋಡಿದೆ. ಆ ಶನಿವಾರ ಹತ್ತೂ ನಲವತ್ತರ ನಂತರ ಐದು ನಿಮಿಷದಲ್ಲಿ ನಾಲ್ಕು ಸಲ ಕರೆ ಮಾಡಿದ್ದೆ. ಎಲ್ಲಿದ್ದೀಯ, ಹುಡುಗರು ಕಾಯ್ತಿದಾರೆ ಎಂದು ಕೇಳಲು. ಊರವರನ್ನೆಲ್ಲ ಪ್ರಶ್ನಿಸಿದ್ದ ನಾನು ಒಬ್ಬಳನ್ನು ಮಾತ್ರ ಸಾಕ್ಷಿಗೆ ಕರೆದಿರಲಿಲ್ಲ.

ಹೊರಡುವಾಗ ಆಕೆ ಹೇಳಿದರು. "ಬರ್ತೀನಿ. ಆದ್ರೆ ಅವ್ವಾರಿಗೆ ಮೊದ್ಲು ಇದನ್ನೆಲ್ಲ ಹೇಳ್ರಿ. ತಿಳಿದು ಬಡಿಸಿದ್ರೆ ಉಣ್ತೀನಿ. ತಿಳೀದೆ ಬಡಿಸಿದ್ರೆ ಗಂಟಲಾಗೆ ಇಳಿಯಲ್ಲ."

ಶಿಕಾರಿಪುರಕ್ಕೆ ಮರಳುವ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮೊದಲು ಕಟ್ಟು, ಆಮೇಲೆ ಮರಿ. ಅಥವಾ ಮೊದಲು ಮರಿ. ಹೇಗೆ ಜೋಡಿಸಿದರೂ ಪ್ರಶ್ನೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಬೀಳಿಸಿದ ಮಂದೆಯ ಒಡತಿಯೇ ಉಳಿಸಿದರೆ, ಒಂದರಿಂದ ಇನ್ನೊಂದನ್ನು ಕಳೆಯಬೇಕೇ? ಕಳೆದರೆ ಏನು ಉಳಿಯುತ್ತದೆ? ಮತ್ತು ಫೋನ್ ಮಾಡಿದವಳನ್ನು ಯಾವ ಕಾಲಮ್ಮಿಗೆ ಬರೆಯಬೇಕು?

ಕೊನೆಗೆ ಜೋಡಿಸಿದ್ದೆಲ್ಲ ಮರೆತು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೆಳತಿ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ತಾಯಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಮರಿಯ ಮಾತು ಬಂದಾಗ ಮಾತ್ರ ಕೈ ತಡೆಯಿತು.

"ಮರಿ ಉಳೀತಾ?"

"ಉಳೀತು. ಕುಂಟ್ತದೆ."

"ಇವಳೂ ಕುಂಟ್ತಾಳೆ," ಎಂದು ಮತ್ತೆ ತಟ್ಟತೊಡಗಿದರು.

"ಇನ್ನೊಂದು ಹೇಳೋದಿದೆ ಅಮ್ಮಾ. ಆ ಫೋನ್ ಮಾಡಿದ್ದು ನಾನು."

"ಗೊತ್ತು. ಆಸ್ಪತ್ರೆಯಾಗೆ ಇವಳ ಫೋನು ನನ್ನ ಕೈಗೇ ಕೊಟ್ರು. ಮೇಲೆ ನಾಲ್ಕು ಸಾಲಿನಾಗೂ ನಿನ್ನ ಹೆಸರೇ ಇತ್ತು."

ಒಂದು ತಿಂಗಳು. ಆ ತಿಂಗಳಲ್ಲಿ ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೆನೋ. ಪ್ರತಿ ಸಲವೂ ನನ್ನ ತಟ್ಟೆಗೆ ಅನ್ನ ಹಾಕಿದ್ದು ಅವರೇ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ. ನೀನು ಬಾಯಿ ಮುಚ್ಚಿದ್ರೆ ತಾನೆ?"

ಗೆಳತಿ ನಕ್ಕಳು. ನಾನೂ ನಗಬೇಕಾಯಿತು.

ಮುಂದಿನ ಸೋಮವಾರ ಆಕೆ, ಆಕೆಯ ಗಂಡ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ಬಂದರು. ಗಂಡ ಬಾಗಿಲಲ್ಲೇ ನಿಂತು, "ತಪ್ಪಾತ್ರಿ ಅವ್ವಾರೆ, ನಾನು ನಿಲ್ಬೇಕಾಗಿತ್ತು," ಎಂದರು. "ಕುರಿ ಯಾರು ನೋಡ್ಕೋಬೇಕಿತ್ತು, ಒಳಗೆ ಬರ್ರಿ," ಎಂದರು ತಾಯಿ. ಆಮೇಲೆ ತಂಬಿಗೆಯಲ್ಲಿ ನೀರು ತಂದು ಆಕೆಯ ಕೈಗೆ ತಾವೇ ಸುರಿದರು. ಒರಟು ಕೈ, ಹುರಿ ಹೊಸೆದು ಹೊಸೆದು ಹೆಬ್ಬೆರಳಿನ ಪಕ್ಕ ಜಡ್ಡುಗಟ್ಟಿತ್ತು. ತಂಬಿಗೆ ಖಾಲಿಯಾದ ಮೇಲೂ ತಾಯಿ ಆ ಕೈಯನ್ನು ಬಿಡಲಿಲ್ಲ. ಆಕೆಯೂ ಎಳೆದುಕೊಳ್ಳಲಿಲ್ಲ.

ಎಲೆ ಹಾಕಿ ಬಡಿಸಿದರು. ಆಕೆ ಅನ್ನ ಕಲಸಿ ಬಾಯಿಯ ಹತ್ತಿರ ತಂದು ನಿಲ್ಲಿಸಿದರು. "ನೀವೂ ಕೂತ್ಕೊಳ್ರಿ ಅವ್ವಾರೆ. ನೀವು ತಿಂಗಳು ಬಿಟ್ಟಿದ್ದನ್ನ ನಾನೊಬ್ಬಳೇ ಉಂಡ್ರೆ ಚೆಂದಿರಲ್ಲ." ಬಡಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ನಾನು ಸೌಟು ತೆಗೆದುಕೊಂಡೆ. ತಾಯಿ ಆಕೆಯ ಪಕ್ಕದಲ್ಲೇ ಕೂತರು.

ನನಗೆ ಒಂದು ಸಂಶಯ ಉಳಿದಿತ್ತು, ಬಡಿಸುತ್ತಲೇ ಕೇಳಿದೆ. "ಮರಿ ನಿಮ್ಮದು, ಇವಳು ಯಾರೋ. ಎರಡಕ್ಕೂ ಕಾಲು ಮುರಿದಿತ್ತು. ಮೊದಲು ಇವಳಿಗೆ ಯಾಕೆ ಕಟ್ಟಿದ್ರಿ?"

ಮನುಷ್ಯಜೀವ ದೊಡ್ಡದು ಎಂದೋ, ದೇವರು ಬುದ್ಧಿ ಕೊಟ್ಟ ಎಂದೋ ಹೇಳುತ್ತಾರೆ ಎಂದುಕೊಂಡಿದ್ದೆ. ಎರಡಕ್ಕೂ ನನ್ನ ಹತ್ತಿರ ಉತ್ತರ ಇತ್ತು.

"ಮರಿ ಅರಚ್ತಾ ಇತ್ತು. ಅರಚೋದಕ್ಕೆ ಏನಾಗಲ್ಲ, ತಡೀತದೆ. ಇವರು ಸುಮ್ನಿದ್ರು. ಸುಮ್ನಿರೋದನ್ನ ಮೊದ್ಲು ನೋಡ್ಬೇಕು," ಎಂದು ಆಕೆ ಸಾರಿನ ಬಟ್ಟಲಿಗೆ ಕೈ ಚಾಚಿದರು.

"ಕೇಳಿಸ್ತಾ?" ಎಂದಳು ಗೆಳತಿ ನನಗೆ. "ಹುಟ್ಟಿದಾಗಿಂದ ಒಂದೇ ಸಲ ಸುಮ್ಮನಿದ್ದೆ. ಅದಕ್ಕೇ ಉಳಿದೆ."

ತಾಯಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಒಂದು ತುತ್ತು ಉಂಡರು, ಇನ್ನೊಂದು ಉಂಡರು. ಬಾಯಿ ತುಂಬಿದ್ದರಿಂದ ಮಾತಾಡದೆ, ಎಲೆಯ ಕಡೆ ಬೆರಳು ತೋರಿಸಿದರು. ನಾನು ಇನ್ನೊಂದು ಸೌಟು ಅನ್ನ ಹಾಕಿದೆ.